ಐಬು ಹೇಳಿ ಕೊಡುವುದು

ನವೆಂಬರ್ 3

ಬುಗುರಿಗೆ,

ನೀನು ಹೋಗಿ ಎರಡು ತಿಂಗಳಾಯಿತು. ಒಂದೇ ಕಡೆ ಎರಡು ತಿಂಗಳು ನಿಂತಿದ್ದೀಯ ಎಂದರೆ ನಮ್ಮ ಗುಂಪಿನಲ್ಲಿ ಯಾರೂ ನಂಬುತ್ತಿಲ್ಲ. "ಚರ್ಮದ ಕಾರ್ಖಾನೆಯವರು ಬ್ಯಾಗಿನ ಜೊತೆ ಅವಳ ಕಾಲನ್ನೂ ಸೇರಿಸಿ ಹೊಲಿದುಬಿಟ್ಟಿರಬೇಕು ಕಣಯ್ಯಾ" ಎಂದರು ಟೈಲರ್ ಮೇಷ್ಟ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಲ್ಲಿ ಚಳಿಯ ಜೊತೆಗೆ ಕರೆಂಟು ಹೋಗುವುದೂ ಶುರುವಾಗಿದೆ. ನಿನ್ನೆ ಐದನೇ ಮಹಡಿಯ ಟೀಚರಮ್ಮ ಲಿಫ್ಟಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದರು. ನಾನು ಹೊರಗೆ ಎಳೆದ ಮೇಲೆ ಥ್ಯಾಂಕ್ಸ್ ಹೇಳುವ ಬದಲು, "ಲಿಫ್ಟ್ ಮೆಕ್ಯಾನಿಕ್ಕು ಇದೇ ಬಿಲ್ಡಿಂಗಲ್ಲಿದ್ದೂ ನಮಗೆ ಈ ಗತಿ" ಎಂದು ಬೈದು ಹೋದರು.

ನಿನ್ನ ಊರಿನಲ್ಲೂ ಹೀಗೇ ಇರುತ್ತದೆ. ಸರಿಯಾಗಿ ಕೇಳಿಸಿಕೋ. ಮೇಣದಬತ್ತಿಯನ್ನು ತಟ್ಟೆಯ ನೀರಿನಲ್ಲಿ ನಿಲ್ಲಿಸು. ಟಾರ್ಚು ಯಾವಾಗಲೂ ಒಂದೇ ಜಾಗದಲ್ಲಿರಲಿ, ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗಬೇಕು. ಅಗ್ಗಿಷ್ಟಿಕೆ ಹಚ್ಚಿದರೆ ಕಿಟಕಿ ನಾಲ್ಕು ಬೆರಳಗಲ ತೆಗೆದಿರಲಿ. ನಡುಗುತ್ತಾ ಮಲಗಿದವರು ಬೆಳಗ್ಗೆ ಏಳುತ್ತಾರೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಿ ಬೆಚ್ಚಗೆ ಮಲಗಿದವರು ಏಳುವುದಿಲ್ಲ. ಮತ್ತೆ, ಜೇಬಿನಲ್ಲಿ ಒಂದು ಚಾಕು ಇರಬೇಕು.

ಅದಕ್ಕೇ ಇದರ ಜೊತೆ ಒಂದು ಮಡಚುವ ಚಾಕು ಕಳಿಸಿದ್ದೇನೆ. ಕೊಂಬಿನ ಹಿಡಿ. ಅಲಗು ನಿನ್ನ ನಡುಬೆರಳಷ್ಟು ಉದ್ದ. ನನ್ನ ಚಾಕುಪೆಟ್ಟಿಗೆಯಲ್ಲಿ ಮೂವತ್ತೊಂದು ಇದ್ದವು, ಈಗ ಮೂವತ್ತು. ಇಷ್ಟು ವರ್ಷದಲ್ಲಿ ನಾನು ಕೈಯೆತ್ತಿ ಕೊಟ್ಟ ಚಾಕು ಇದೊಂದೇ.

ಅಪ್ಪ

*

ನವೆಂಬರ್ 12

ಅಪ್ಪ,

ಚಾಕು ಬಂತು. ನನ್ನ ಜೊತೆ ಕೋಣೆಯಲ್ಲಿರುವ ಇಸ್ತ್ರಿ ಅಂಗಡಿಯ ಹುಡುಗಿ ಅದನ್ನು ನೋಡಿ, "ನಿಮ್ಮಪ್ಪ ಸೀರೆ ಗೀರೆ ಕಳ್ಸಲ್ವಾ?" ಎಂದು ಕೇಳಿದಳು. ಕಳಿಸುವುದಿಲ್ಲ ಎಂದೆ.

ನಿನ್ನ ಭಾನುವಾರದ ಗುಂಪು ಎಂಥದ್ದು ಎಂದೂ ಕೇಳಿದಳು. ಹೇಳಿದೆ. ಕಟಿಂಗ್ ಮಾವನ ಅಂಗಡಿ ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ನಾಲ್ಕು ಜನ ಗಂಡಸರು ಕನ್ನಡಿಯ ಮುಂದೆ ಚಾಕುಗಳನ್ನು ಹರಡಿಕೊಂಡು ಕೂರುತ್ತಾರೆ. ಮಾವ, ಟೈಲರ್ ಮೇಷ್ಟ್ರು, ಕಾಂಪೌಂಡರ್ ಮತ್ತು ಅಪ್ಪ. ಚಿಕ್ಕವಳಿದ್ದಾಗ ನಾನು ಮೂಲೆಯ ತಿರುಗುವ ಕುರ್ಚಿಯಲ್ಲಿ ಗಿರಗಿರ ಸುತ್ತುತ್ತಾ ನೋಡುತ್ತಿದ್ದೆ, ಬುಗುರಿ ಎಂಬ ಹೆಸರು ಬಂದದ್ದು ಅಲ್ಲಿಂದಲೇ ಎಂದೆ. ಅವರ ನಿಯಮವನ್ನೂ ಹೇಳಿದೆ. ಚಾಕು ಕೈ ಬದಲಿಸುವಾಗ ಕೊಡುವವರು ಅದರ ಐಬು ಹೇಳಬೇಕು. ತುದಿ ಮುರಿದಿದೆ, ಕೀಲು ಸಡಿಲ, ಏನಿದೆಯೋ ಅದು. ತೆಗೆದುಕೊಳ್ಳುವವರು "ತಿಳೀತು" ಅನ್ನುವ ತನಕ ಕೈ ಬಿಡುವಂತಿಲ್ಲ. ಐಬು ಮುಚ್ಚಿಟ್ಟವನಿಗೆ ಆ ಅಂಗಡಿಯಲ್ಲಿ ಕುರ್ಚಿಯಿಲ್ಲ. ನೆನಪಿದೆಯಾ, ಒಮ್ಮೆ ಕಾಂಪೌಂಡರಿಗೆ ಕಿವಿ ಕಟ್ಟಿಕೊಂಡು, ಮೇಷ್ಟ್ರು ಹೇಳಿದ್ದು ಕೇಳಿಸದೆ, ಇಬ್ಬರೂ ಒಂದೇ ಚಾಕು ಹಿಡಿದುಕೊಂಡು ಗರ ಬಡಿದವರ ಹಾಗೆ ನಿಂತಿದ್ದು? ನಾನು ನಗುತ್ತಾ ಕುರ್ಚಿಯಿಂದ ಕೆಳಗೆ ಬಿದ್ದಿದ್ದೆ.

ಹುಡುಗಿಗೆ ಇದನ್ನೆಲ್ಲ ಹೇಳುವಾಗಲೇ ಹೊಳೆದದ್ದು. ನೀನು ಇದರ ಐಬು ಬರೆದೇ ಇಲ್ಲ. ತೆರೆದಾಗ ಬಿಗಿಯಾಗಿದೆ, ಆದರೆ "ಟಕ್" ಎನ್ನುವುದಿಲ್ಲ. ಉಳಿದ ಮೂವತ್ತೂ ಅನ್ನುತ್ತವೆ. ಏನೆಂದು ಹೇಳು, ನಾನು "ತಿಳೀತು" ಅನ್ನುತ್ತೇನೆ. ಆಮೇಲೆ ಇದು ನನ್ನದು.

ಕೆಲಸ ಚೆನ್ನಾಗಿದೆ. ಎರಡು ಸೂಜಿ ಒಟ್ಟಿಗೆ ಹಿಡಿದು ಎರಡೂ ಕಡೆಯಿಂದ ಹೊಲಿಯುವುದನ್ನು ಕಲಿತೆ. ಮೇಸ್ತ್ರಿ ನನ್ನ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಏನೂ ಅನ್ನದೆ ಕೆಳಗಿಟ್ಟರು. ಇಲ್ಲಿ ಏನೂ ಅನ್ನದಿದ್ದರೆ ಹೊಗಳಿದ ಹಾಗೆ.

ಬುಗುರಿ

*

ನವೆಂಬರ್ 25

ಬುಗುರಿ,

ಅಪ್ಪ ಮಗಳಿಗೆ ಕೊಡುವುದಕ್ಕೂ ಅಂಗಡಿಯ ನಿಯಮ ಬೇಕೇನು? ಕೊಂಬಿನ ಹಿಡಿಯವು ಹೆಚ್ಚು ಸದ್ದು ಮಾಡುವುದಿಲ್ಲ. ಬೆಂಕಿಯ ಹತ್ತಿರ ಮಾತ್ರ ಇಡಬೇಡ, ಕೊಂಬು ಬಿರುಕು ಬಿಡುತ್ತದೆ.

ಇಲ್ಲಿ ಈಗ ಸಂಜೆ ಹೊತ್ತು ಎರಡು ಮೂರು ಗಂಟೆ ಕರೆಂಟಿಲ್ಲ. ಗುಂಪಿನವರು ಈ ಸಲವೂ ಬಾಗಿಲು ತಟ್ಟುವ ಸರದಿ ಶುರುಮಾಡಿದ್ದೇವೆ. ದೀಪ ಹೋದ ಅರ್ಧ ಗಂಟೆಗೆ ಕೆಳಮನೆಯ ಟೈಲರ್ ಮೇಷ್ಟ್ರು ಮೇಲೆ ಬಂದು ಹೊಲಿಯಲು ಬೆರಳಿಗೆ ಹಾಕಿದ ಲೋಹದ ಅಂಗುಸ್ತಾನದಿಂದಲೇ ನನ್ನ ಬಾಗಿಲು ಟಣಟಣ ಕುಟ್ಟುತ್ತಾರೆ. ಒಳಗೆ ಬಂದು ಕಿಟಕಿಯ ಸಂದಿಗೆ ನಾಲ್ಕು ಬೆರಳಿಟ್ಟು ಅಳೆಯುತ್ತಾರೆ. ಆಮೇಲೆ ನಾನು ಹೋಗಿ ಕಾಂಪೌಂಡರ್ ಬಾಗಿಲು ಕುಟ್ಟುತ್ತೇನೆ, ಅವರು ಕಟಿಂಗ್ ಅಂಗಡಿಗೆ. ಒಂಟಿ ಗಂಡಸರಿಗೆ ಇದಕ್ಕಿಂತ ಒಳ್ಳೆಯ ವಿಮೆ ಇಲ್ಲ.

ನನ್ನ ಕಿಟಕಿಯ ಅಗುಳಿ ಅಲ್ಲಾಡುತ್ತಿದೆ. ಗಾಳಿಗೆ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಸರಿ ಮಾಡಬೇಕು.

ಅಪ್ಪ

*

ಡಿಸೆಂಬರ್ 19

ಅಪ್ಪ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ಡಿಸೆಂಬರ್ ಮೊದಲ ವಾರ ಇಲ್ಲಿ ಮೂರು ದಿನ ಕರೆಂಟಿರಲಿಲ್ಲ. ಎರಡನೆಯ ದಿನ ಸಂಜೆ ಆರು ಗಂಟೆಗೆ ಇದ್ದಿಲು ಮುಗಿಯಿತು. ಹೊಸ ಚೀಲದ ಬಾಯಿಯನ್ನು ಪ್ಲಾಸ್ಟಿಕ್ ಹಗ್ಗದಿಂದ ಬಿಗಿದಿದ್ದರು. ಚಾಕು ಅಗ್ಗಿಷ್ಟಿಕೆಯ ಪಕ್ಕದ ಕಟ್ಟೆಯ ಮೇಲಿತ್ತು. ಹೌದು, ಬೆಂಕಿಯ ಹತ್ತಿರವೇ. ಇಡಬೇಡ ಎಂದು ನೀನು ಬರೆದಿದ್ದೆ, ನಾನು ಇಟ್ಟೆ. ಅಲಗನ್ನು ಹಗ್ಗದ ಕೆಳಗೆ ತೂರಿಸಿ ಎಳೆದೆ. ಸಿಕ್ಕಿಕೊಂಡಿತು. ಬಿಡಿಸಲು ಹಿಂದಕ್ಕೆ ಒತ್ತಿದೆ. ಅಲಗು ಮಡಚಿಕೊಂಡಿತು. ಒಳಗೆ ನನ್ನ ಬೆರಳುಗಳಿದ್ದವು.

ಆಸ್ಪತ್ರೆಯಲ್ಲೂ ಕರೆಂಟಿರಲಿಲ್ಲ. ನರ್ಸು ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಹೊಲಿದರು. ಹೊಲಿಗೆ ಸರಿಯಿಲ್ಲ ಎಂದೆ. ಟಾರ್ಚು ತೆಗೆದು, "ಸುಮ್ನಿರು ತಾಯಿ" ಎಂದು ಮತ್ತೆ ಕಚ್ಚಿಕೊಂಡರು. ಕೀವಾಯಿತು. ಹನ್ನೊಂದನೆಯ ದಿನ ತೋರುಬೆರಳು, ನಡುಬೆರಳು ಎರಡನ್ನೂ ತೆಗೆದರು. ಬಲಗೈ.

ಕಾರ್ಖಾನೆಗೆ ಹೋಗಿದ್ದೆ. "ಕೈ ಸರಿಹೋದ್ಮೇಲೆ ಬಾಮ್ಮ" ಎಂದರು ಮೇಸ್ತ್ರಿ. ನನ್ನ ಕೈಯನ್ನು ನೋಡುತ್ತಲೇ ಹಾಗೆಂದರು.

ಇಸ್ತ್ರಿ ಹುಡುಗಿ ಚಾಕುವಿನ ರಕ್ತ ತೊಳೆಯಲು ಹೋದಾಗ ಕೀಲಿನಿಂದ ಬೆಳ್ಳಗೆ ಏನೋ ಹೊರಬಂದಿತ್ತು. ಉಗುರಿನಿಂದ ಕೆರೆದು ತಂದು ತೋರಿಸಿದಳು. ಮೇಣ. ಪೂರ್ತಿ ಕೆರೆದ ಮೇಲೆ ಅಲಗು ಅಗುಳಿಯಿಲ್ಲದ ಗೇಟಿನ ಹಾಗೆ ಆಡುತ್ತದೆ. ಬೆಂಕಿಯ ಪಕ್ಕದಲ್ಲಿಟ್ಟಿದ್ದಕ್ಕೆ ಕೊಂಬು ಬಿರುಕು ಬಿಟ್ಟಿಲ್ಲ ಅಪ್ಪ. ಮೇಣ ಕರಗಿದೆ.

ನೀನು ಬಂದು ನೋಡಬೇಕಾಗಿಲ್ಲ. ಒಂದು ಮಾತಿಗೆ ಉತ್ತರ ಬರೆದರೆ ಸಾಕು. ನಿನಗೆ ಗೊತ್ತಿತ್ತಾ?

ಬುಗುರಿ

*

ಡಿಸೆಂಬರ್ 27

ಬುಗುರಿ,

ಪತ್ರ ಓದಿದೆ. ಎರಡು ದಿನ ಊಟ ಸೇರಲಿಲ್ಲ.

ಆದರೆ ಒಂದು ಕೇಳುತ್ತೇನೆ. ಮಡಚುವ ಚಾಕುವಿನ ಅಲಗನ್ನು ಯಾರಾದರೂ ಹಿಂದಕ್ಕೆ ಒತ್ತುತ್ತಾರೆಯೇ? ಏಳು ವರ್ಷಕ್ಕೇ ನಿನಗೆ ಹೇಳಿಕೊಟ್ಟಿದ್ದೆ. ಸಿಕ್ಕಿಕೊಂಡರೆ ಹಗ್ಗವನ್ನು ಸರಿಸಬೇಕು, ಚಾಕುವನ್ನಲ್ಲ. ನೀನು ಕುರ್ಚಿಯಲ್ಲಿ ಸುತ್ತುತ್ತಿದ್ದೆ. ಬೆಂಕಿಯ ಹತ್ತಿರ ಇಡಬೇಡ ಎಂದೂ ಬರೆದಿದ್ದೆ, ಅದನ್ನೂ ಕೇಳಲಿಲ್ಲ. ಒಂದು ಮಾತನ್ನು ಕೂತು ಕೇಳುವ ಅಭ್ಯಾಸ ನಿನಗೆ ಹುಟ್ಟಿನಿಂದ ಇಲ್ಲ.

ಗಾಯಕ್ಕೆ ನೀರು ಸೋಕಿಸಬೇಡ. ಸ್ನಾನ ಮಾಡುವಾಗ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೋ. ಕತ್ತಲಲ್ಲಿ ಓಡಾಡುವಾಗ ಆ ಕೈ ಎದೆಗೆ ಒತ್ತಿಕೊಂಡಿರು.

ಈ ತಿಂಗಳು ಮೂರು ಕಟ್ಟಡಗಳ ಲಿಫ್ಟು ನನ್ನೊಬ್ಬನ ತಲೆಯ ಮೇಲಿದೆ. ಇಲ್ಲದಿದ್ದರೆ ಬರುತ್ತಿದ್ದೆ.

ಅಪ್ಪ

*

ಜನವರಿ 4

ಅಪ್ಪ,

ಗೊತ್ತಿತ್ತಾ?

ಬುಗುರಿ

*

ಜನವರಿ 12

ಗೊತ್ತಿತ್ತು.

ಸ್ಪ್ರಿಂಗು ತುಂಬಾ ಗಟ್ಟಿಯಿತ್ತು. ಸ್ವಲ್ಪ ಹದ ಮಾಡೋಣವೆಂದು ಬಿಚ್ಚಿ ಬೆಂಕಿಗೆ ಹಿಡಿದೆ. ಒಂದು ಕ್ಷಣ ಹೆಚ್ಚಾಯಿತು. ಅದರ ಬಿಗಿ ಸತ್ತೇಹೋಯಿತು. ಮೂವತ್ತು ವರ್ಷ ಚಾಕು ಬಿಚ್ಚಿ ಜೋಡಿಸಿದವನು, ಮೊದಲ ದಿನ ಸಾಣೆಕಲ್ಲು ಹಿಡಿದವನೂ ಮಾಡದ ತಪ್ಪು ಮಾಡಿದೆ. ಆ ಭಾನುವಾರ ಅದನ್ನು ಗುಂಪಿಗೆ ತೋರಿಸುತ್ತೇನೆಂದು ಹೇಳಿಬಿಟ್ಟಿದ್ದೆ. ಕೀಲಿಗೆ ಮೇಣ ತುಂಬಿಬಿಟ್ಟೆ. ಚಳಿಗೆ ಬಿಗಿದುಕೊಂಡಿತು. ನಿನ್ನ ಕಟಿಂಗ್ ಮಾವ ತೆರೆದು ನೋಡಿ, "ಕೈ ಅಂದ್ರೆ ನಿಂದು ಮಾರಾಯ" ಎಂದ. ನಾನು ಅದನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಪೆಟ್ಟಿಗೆಯಲ್ಲಿಟ್ಟರೆ ಬೇಸಿಗೆಗೆ ಗುಟ್ಟು ಬಯಲಾಗುತ್ತಿತ್ತು. ಎಸೆಯಲು ಕೈ ಬರಲಿಲ್ಲ. ನಿನಗೆ ಕಳಿಸಿದೆ.

ಹೇಗೆ ಕಳಿಸಿದೆ ಎಂದು ಕೇಳುತ್ತೀಯ. ನೀನು ಅದನ್ನು ಬಳಸುತ್ತೀಯ ಎಂದು ನಾನು ಅಂದುಕೊಂಡಿರಲೇ ಇಲ್ಲ. ನೀನು ಯಾವುದನ್ನು ನೆಟ್ಟಗೆ ಬಳಸಿದ್ದೀಯ? ಸಂಗೀತದ ಪೆಟ್ಟಿಗೆ ಮೂರು ವಾರ, ಸೈಕಲ್ಲು ಒಂದು ತಿಂಗಳು, ಶಾಲೆ ಹತ್ತನೇ ತರಗತಿಯ ತನಕ. ಇದೂ ನಿನ್ನ ಟ್ರಂಕಿನ ತಳ ಸೇರಿ ತುಕ್ಕು ಹಿಡಿಯುತ್ತದೆ ಎಂದುಕೊಂಡೆ. ನಿನ್ನ ಕೈಗಿಂತ ಒಳ್ಳೆಯ ಕಸದ ಬುಟ್ಟಿ ನನಗೆ ಹೊಳೆಯಲಿಲ್ಲ.

ನೀನು ನಿಜ ಕೇಳಿದೆ, ಕೊಟ್ಟಿದ್ದೇನೆ. ಗುಂಪಿಗೆ ಬೇರೆ ರೀತಿ ಹೇಳಿದ್ದೇನೆ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು. ಹೋದ ಬೆರಳು ಯಾವ ಮಾತಿಗೂ ವಾಪಸು ಬರುವುದಿಲ್ಲ.

ಅಪ್ಪ

*

ಜನವರಿ 20

ಮಗಳೇ,

ನಾನು ನಿನ್ನ ಕಟಿಂಗ್ ಮಾವ. ನಿನ್ನ ತಲೆಗೆ ಮೊದಲ ಕತ್ತರಿ ಹಾಕಿದವನು. ನೀನು ಆವತ್ತೂ ಕೂರಲಿಲ್ಲ, ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ ಮಾಡಿ ಕಳಿಸಿದ್ದೆ.

ಸುದ್ದಿ ಕೇಳಿ ನಾವು ಮೂವರೂ ಆ ಭಾನುವಾರ ಚಾಕು ಹೊರಗೆ ತೆಗೆಯಲಿಲ್ಲ. ನಿಮ್ಮಪ್ಪ ಹೇಳಿದ್ದು ಹೀಗೆ: ಸ್ಪ್ರಿಂಗ್ ಸಡಿಲ ಎಂದು ಬರೆದೇ ಕಳಿಸಿದ್ದ, ನೀನು ಲಕ್ಷ್ಯ ಕೊಡಲಿಲ್ಲ. ಆದರೆ ಆ ಚಾಕುವನ್ನು ನಾನೇ ತೆರೆದು ನೋಡಿದ್ದೇನೆ, ಬಿಗಿಯಾಗಿತ್ತು. ಕಾಂಪೌಂಡರ್ ಅದನ್ನೇ ಎತ್ತಿದರು. "ಬಿಗಿ ಇದ್ದದ್ದು ಸಡಿಲ ಅಂತ ಹೆಂಗಯ್ಯ ಬರೆದೆ?" ಎಂದರು. ನಿಮ್ಮಪ್ಪ ಎದ್ದು ಹೋದ.

ಹಾಗಾಗಿ ನಿನ್ನನ್ನೇ ಕೇಳಬೇಕಾಗಿದೆ. ಅವನು ಐಬು ಹೇಳಿದ್ದನೋ ಇಲ್ಲವೋ? ಒಂದು ಸಾಲು ಬರೆದರೆ ಸಾಕು, ನಾವು ನಿನ್ನ ಮಾತನ್ನು ನಂಬುತ್ತೇವೆ.

ಬರೆಯುವ ಮುಂಚೆ ಒಂದು ನಿಮಿಷ ಯೋಚಿಸು. ನಿಮ್ಮಮ್ಮ ತೀರಿಕೊಂಡ ಮೇಲೆ ಅವನಿಗೆ ಉಳಿದಿರುವುದು ಈ ಅಂಗಡಿಯ ಒಂದು ಕುರ್ಚಿ. ಅದು ಹೋದರೆ ಬಾಗಿಲು ತಟ್ಟುವ ಸರದಿಯಿಂದಲೂ ಅವನ ಮನೆ ಹೋಗುತ್ತದೆ. ನಿಯಮ ಮಾಡಿದವರಲ್ಲಿ ಅವನೂ ಒಬ್ಬ. ನಾನು ಇಷ್ಟೇ ಹೇಳುತ್ತೇನೆ.

ಮಾವ

*

ಜನವರಿ 27

ಮಾವ,

ಒಂದು ನಿಮಿಷವಲ್ಲ, ನಾಲ್ಕು ದಿನ ಯೋಚಿಸಿದೆ.

ಅಪ್ಪ ಐಬು ಹೇಳಲಿಲ್ಲ. ನಾನು ಕೇಳಿದ ಮೇಲೂ ಹೇಳಲಿಲ್ಲ. ಅವನ ಪತ್ರ ಇದರ ಜೊತೆಗಿದೆ, ಓದಿ ವಾಪಸು ಕಳಿಸಿ.

ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಶಾಲೆಯ ಮೇಷ್ಟ್ರೇ ಉತ್ತರ ಹೇಳಿಕೊಟ್ಟಿದ್ದು, ನಾನು ಹೋಗಿ ಹೇಳಿದ್ದು, ಇಡೀ ತರಗತಿ ಮತ್ತೆ ಬರೆಯಬೇಕಾಗಿ ಬಂದದ್ದು ನಿಮಗೆ ಗೊತ್ತು. ಆಮೇಲೆ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಒಂದು ದಿನ ಚೀಲ ಎತ್ತಿಕೊಂಡು ಬಂದುಬಿಟ್ಟೆ. ಬೀದಿಯವರೆಲ್ಲ ನನಗೆ ತಲೆ ಕೆಟ್ಟಿದೆ ಎಂದರು. ಅಪ್ಪ ಒಬ್ಬನೇ ಹಾಗನ್ನಲಿಲ್ಲ. ಚಾಕು ಒರೆಸುತ್ತಾ ಕೂತಿದ್ದವನು ತಲೆ ಎತ್ತದೆ, "ಸರಿ ಮಾಡ್ದೆ. ಐಬು ಇದ್ರೆ ಹೇಳ್ಬೇಕು" ಎಂದ. ಈಗ ಅವನ ವಿಷಯಕ್ಕೆ ಬಂದಾಗ ಬೇರೆ ಮಾಡು ಎಂದರೆ ನನ್ನಿಂದ ಆಗುವುದಿಲ್ಲ.

ಬಾಗಿಲು ತಟ್ಟುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ತಟ್ಟಿ ಎಂದೂ ಹೇಳುವುದಿಲ್ಲ. ಆ ಪತ್ರ ಓದಿದ ಮೇಲೆ ಹಾಗೆ ಹೇಳುವಷ್ಟು ಒಳ್ಳೆಯವಳಾಗಿ ಉಳಿದಿಲ್ಲ.

ಬುಗುರಿ

*

ಫೆಬ್ರವರಿ 6

ಬುಗುರಿ,

ಭಾನುವಾರ ಅಂಗಡಿಗೆ ಹೋದೆ. ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದರು. ಕನ್ನಡಿಯ ಮುಂದೆ ನಾನು ನಿನಗೆ ಬರೆದ ಪತ್ರವಿತ್ತು. ನಾನು ಬಾಚಣಿಗೆ ಬಿಟ್ಟು ಬಂದಿದ್ದೇನೆ ಎಂಬ ಹಾಗೆ ಸ್ವಲ್ಪ ಹುಡುಕಾಡಿದಂತೆ ಮಾಡಿ ಹೊರಟುಬಂದೆ.

ಇವತ್ತು ನಾಲ್ಕು ಗಂಟೆಗೇ ಕರೆಂಟು ಹೋಯಿತು. ಅರ್ಧ ಗಂಟೆಗೆ ಕೆಳಮನೆಯ ಬಾಗಿಲು ತೆರೆಯಿತು. ಮೇಷ್ಟ್ರು ಮೆಟ್ಟಿಲು ಹತ್ತುವುದು ಕೇಳಿಸಿತು. ನಾನು ಎದ್ದು ನಿಂತೆ. ಅವರು ನನ್ನ ಬಾಗಿಲು ದಾಟಿ ಕಾಂಪೌಂಡರ್ ಮನೆಗೆ ಹೋದರು. ಅಂಗುಸ್ತಾನದ ಸದ್ದು ಅಲ್ಲಿ ಕೇಳಿಸಿತು.

ಕಿಟಕಿಯ ಅಗುಳಿ ಕೊನೆಗೂ ಕಿತ್ತುಬಂತು. ಗಾಳಿ ನೇರ ಮಂಚಕ್ಕೆ ಹೊಡೆಯುತ್ತದೆ. ಚಾಕುಪೆಟ್ಟಿಗೆಗೆ ಹಾಸಿದ್ದ ಹಸಿರು ಉಣ್ಣೆಬಟ್ಟೆ ಇನ್ನು ಯಾರು ನೋಡಬೇಕು? ಅದನ್ನೇ ಕತ್ತರಿಸಿ ಸಂದಿಗೆ ತುರುಕಬೇಕೆಂದಿದ್ದೇನೆ.

ನೀನು ಶುರುಮಾಡಿದ್ದನ್ನು ಪೂರ್ತಿ ಮುಗಿಸಿದ್ದು ಇದೇ ಮೊದಲು. ಶಭಾಷ್. ಇನ್ನು ಬರೆಯಬೇಡ.

ಅಪ್ಪ

*

ಫೆಬ್ರವರಿ 15

ಮಗಳೇ,

ಈ ಪತ್ರ ಸಿಕ್ಕ ತಕ್ಷಣ ಹೊರಡು. ನಿಮ್ಮಪ್ಪನಿಗೆ ಜೀವ ಇದೆ.

ಮೊನ್ನೆ ಸಂಜೆ ಆರಕ್ಕೆ ಕರೆಂಟು ಹೋಯಿತು. ಐದನೇ ಮಹಡಿಯ ಟೀಚರಮ್ಮ ಮತ್ತೆ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಅವರ ಯಜಮಾನರು ನಿಮ್ಮಪ್ಪನನ್ನು ಕರೆಯಲು ಹೋಗಿ ಬಾಗಿಲು ಬಡಿದರು, ಒದ್ದರು, ಕೊನೆಗೆ ಮುರಿದರು. ಅಗ್ಗಿಷ್ಟಿಕೆ ಇನ್ನೂ ಕೆಂಪಗಿತ್ತು. ಅವನು ಕಿಟಕಿಯ ಕೆಳಗೆ ಬಿದ್ದಿದ್ದ. ಟೀಚರಮ್ಮ ಲಿಫ್ಟಿನಲ್ಲೇ ಇದ್ದರು, ಅವರನ್ನು ತೆಗೆಯುವವನು ಇವನೇ ಅಲ್ಲವೇ.

ಕಿಟಕಿಯ ಉಣ್ಣೆಬಟ್ಟೆಯನ್ನು ನಾನು ನೋಡಿದೆ. ಎಷ್ಟು ಚೆನ್ನಾಗಿ ಕತ್ತರಿಸಿದ್ದ ಗೊತ್ತೇ? ಒಂದೇ ಎಳೆತದ ಕೊಯ್ತ, ಮೂಲೆಗಳಲ್ಲಿ ಓರೆಗೆ ಓರೆ ಕೂಡಿಸಿದ್ದ. ಕೂದಲೆಳೆಯಷ್ಟು ಗಾಳಿಯೂ ಆಡದಂತೆ. ಬೇರೆ ಯಾರಾದರೂ ಕತ್ತರಿಸಿದ್ದರೆ ಎಲ್ಲಾದರೂ ಸಂದಿ ಉಳಿಯುತ್ತಿತ್ತು.

ಮೇಷ್ಟ್ರಿಗೆ ಮೇಲೆ ಏನೋ ಬಿದ್ದ ಸದ್ದು ಕೇಳಿಸಿತ್ತಂತೆ. "ನನ್ನ ಸರದಿಯಲ್ಲಿ ಅವನ ಮನೆ ಇರಲಿಲ್ಲ" ಎಂದು ಅದನ್ನೇ ಹೇಳುತ್ತಾ ಅಂಗಡಿಯಲ್ಲಿ ಕೂತಿದ್ದಾರೆ.

ಡಾಕ್ಟರು ತಲೆಗೆ ಏಟಾಗಿದೆ ಎನ್ನುತ್ತಾರೆ. ಹೊರಗಿನ ಏಟಲ್ಲ, ಇದ್ದಿಲಿನ ಹೊಗೆಯದು.

ಮಾವ

*

ಏಪ್ರಿಲ್ 20

ಮಾವ,

ಬಾಗಿಲ ಕೆಳಗೆ ತೂರಿಸಿದ ಚೀಟಿ ಸಿಕ್ಕಿತು. ಅಂಗಡಿ ಎರಡು ಬೀದಿ ಆಚೆ ಇದ್ದೂ ನೀವು ಚೀಟಿ ಬರೆಯುತ್ತೀರಿ, ನಾನೂ ಬರೆಯುತ್ತೇನೆ. ಒಳಗೆ ಬಂದರೆ ಅಪ್ಪನ ಮುಖ ನೋಡಬೇಕಾಗುತ್ತದೆ, ನನಗೆ ಅರ್ಥವಾಗುತ್ತದೆ.

ನೀವು ಕೇಳಿದ್ದಕ್ಕೆ ಉತ್ತರ. ಅವನಿಗೆ ಊಟ, ಸ್ನಾನ, ಮೆಟ್ಟಿಲು ಇಳಿಯುವುದು ಎಲ್ಲ ಆಗುತ್ತದೆ. ಹಳೆಯದು ನೆನಪಿದೆ. ಈ ಚಳಿಗಾಲ ಪೂರ್ತಿ ಅಳಿಸಿಹೋಗಿದೆ. ಹೊಸದು ಯಾವುದೂ ನಿಲ್ಲುವುದಿಲ್ಲ. ದಿನಾ ಬೆಳಗ್ಗೆ ಚಹಾ ಕೊಡುವಾಗ ನನ್ನ ಕೈ ನೋಡಿ, "ಅಯ್ಯೋ, ಏನಾಯ್ತೇ ಇದು?" ಎಂದು ಲೋಟ ಬಿಡುತ್ತಾನೆ. ನಾನು ಹೇಳುತ್ತೇನೆ. ಯಾವ ಚಾಕು, ಯಾರು ಕಳಿಸಿದ್ದು, ಕೀಲಿನಲ್ಲಿ ಏನಿತ್ತು. ಕೇಳುತ್ತಾ ಕೇಳುತ್ತಾ ಅವನ ಮುಖ ಹೇಗೆ ಆಗುತ್ತದೆ ಎಂದು ನಿಮಗೆ ಬರೆಯುವುದಿಲ್ಲ. ಅಳುತ್ತಾನೆ. ಎರಡನೆಯ ಲೋಟ ಚಹಾ ಆರುವಷ್ಟರಲ್ಲಿ ಮರೆತಿರುತ್ತಾನೆ. ಭಾನುವಾರ ಬಂದರೆ ಅಂಗಿ ಹಾಕಿಕೊಂಡು ಅಂಗಡಿಗೆ ಹೊರಡುತ್ತಾನೆ, ಕುರ್ಚಿ ಹೋದದ್ದನ್ನೂ ಹೇಳಬೇಕಾಗುತ್ತದೆ.

"ಮೆಷಿನ್ನಿಗೆ ಸಿಕ್ತು ಅಂತ ಒಂದು ಸುಳ್ಳು ಹೇಳಿಬಿಡು ಮಗಳೇ, ದಿನಾ ಯಾಕೆ ಕೊಲ್ತೀಯ" ಎಂದು ಬರೆದಿದ್ದೀರಿ. ಅಭ್ಯಾಸ ಮಾಡಿ ನೋಡಿದೆ. ಕನ್ನಡಿಯ ಮುಂದೆ ಬರುತ್ತದೆ. ಅವನು ಕೇಳಿದಾಗ ಬರುವುದಿಲ್ಲ. ಬರುವುದಿಲ್ಲವೋ, ನನಗೇ ಬೇಡವೋ ಎಂದು ಕೇಳಿದರೆ, ಕೆಲವು ದಿನ ಬೇಡ. ಅದೂ ನಿಜವೇ, ಬರೆದಿದ್ದೇನೆ.

ಕುರ್ಚಿ ಕೊಡುತ್ತೇವೆ, ಕರೆದುಕೊಂಡು ಬಾ ಎನ್ನುತ್ತೀರಿ. ಬೇಡ. ನಿಯಮ ನಿಮ್ಮದು, ಚಳಿಗಾಲ ಮುಗಿದ ಮೇಲೆ ಬದಲಿಸಬೇಡಿ.

ಇನ್ನೊಂದು ವಿಷಯ ಹೇಳಬೇಕು. ಆ ಕೊಂಬಿನ ಹಿಡಿಯ ಚಾಕು ನನ್ನ ಟ್ರಂಕಿನ ತಳದಲ್ಲಿತ್ತು. ಅವನೇ ಹುಡುಕಿ ತೆಗೆದ. ಅದನ್ನು ಕೆಡಿಸಿದ್ದರ ತನಕ ಅವನಿಗೆ ನೆನಪಿದೆ, ಕಳಿಸಿದ್ದು ನೆನಪಿಲ್ಲ. ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಅದನ್ನು ತಂದು ನನ್ನ ಎದುರು ಕೂರುತ್ತಾನೆ. ಅಲಗಿನ ಬೆನ್ನು ತಾನು ಹಿಡಿದು, ಹಿಡಿಯನ್ನು ನನ್ನ ಕಡೆ ಚಾಚುತ್ತಾನೆ. "ಇದು ನಿಂಗೆ. ಐಬು ಇದೆ, ಕೇಳಿಸ್ಕೋ. ಸ್ಪ್ರಿಂಗ್ ಸತ್ತೋಗಿದೆ, ನಾನೇ ಕೆಡಿಸಿದ್ದು. ಹಿಂದಕ್ಕೆ ಒತ್ತಬೇಡಮ್ಮ, ಬೆರಳು ಹೋಗುತ್ತೆ" ಎನ್ನುತ್ತಾನೆ. ಆಮೇಲೆ ನನ್ನ ಬಾಯಿಯನ್ನೇ ನೋಡುತ್ತಾನೆ.

"ತಿಳೀತು" ಎಂದರೆ ಬಿಡುತ್ತಾನೆ.

ನಾನು ಅನ್ನುವುದಿಲ್ಲ. ಅವನು ಬಿಡುವುದಿಲ್ಲ. ಇಬ್ಬರೂ ಹಿಡಿದುಕೊಂಡು ಕೂತಿರುತ್ತೇವೆ. ಅವನ ಕಡೆ ಐದು ಬೆರಳು, ನನ್ನ ಕಡೆ ಮೂರು.

ಬುಗುರಿ